ಜನ, ಗಾಡಿ ಓಡಾಡುವ ಕಾರಿಡಾರ್‌ಗೆ ಕದದೊಳಗೆ ಹುದುಗುವ ಪ್ಯಾನಿಕ್ ಬಾರ್: ಆರಿಸುವುದು ಹೇಗೆ?

ಕಾರಿಡಾರ್_ಸೈಟ್:
ಆಸ್ಪತ್ರೆ ಕಟ್ಟಡವೊಂದರ ಮುಖ್ಯ ಕಾರಿಡಾರ್‌ಗೆ ಅಡ್ಡಲಾಗಿ ಜೋಡಿ ಕದದ ಬಾಗಿಲು ಬರಬೇಕಿದೆ. ಎರಡೂ 44 ಮಿ.ಮೀ. ದಪ್ಪದ ಫೈರ್ ಡೋರ್ (ಬೆಂಕಿ ತಡೆಯುವ ಕದ). ಸ್ಟ್ರೆಚರ್, ಊಟದ ಟ್ರಾಲಿ, ಬಟ್ಟೆಯ ಗಾಡಿ ದಿನವಿಡೀ ಓಡಾಡುವ ಜಾಗ. ಕದದ ಮೇಲೆ ಕೂರುವ ಪ್ಯಾನಿಕ್ ಬಾರ್ (ಒತ್ತಿದರೆ ಚಿಲಕ ಬಿಡುವ ಅಡ್ಡಪಟ್ಟಿ) ಹಾಕಿದರೆ ಗಾಡಿ ಗುದ್ದಿ ತುದಿಯ ಕ್ಯಾಪ್ ಒಡೆಯುತ್ತದೆ, ದಾರಿಯೂ ಕಿರಿದಾಗುತ್ತದೆ. ಅದಕ್ಕೇ ಕದದೊಳಗೆ ಹುದುಗುವ ಮಾದರಿ ನೋಡುತ್ತಿದ್ದೇವೆ. ಆರಿಸುವಾಗ ಏನೇನು ಗಮನಿಸಬೇಕು? ಕದ ಬಂದಮೇಲೆ ಸೈಟಿನಲ್ಲೇ ಗೂಡು ಕೊರೆಸಬಹುದೇ? ನೆಲಕ್ಕಿಳಿಯುವ ಕೆಳಗಿನ ಬೋಲ್ಟ್ ಬೇಕೇ ಬೇಕೆ?

ಫೈರ್‌ಡೋರ್_ತಪಾಸಣೆ:
ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಕೊರೆಸಬೇಡಿ. ಎನ್‌ಎಫ್‌ಪಿಎ 80 (ಬೆಂಕಿ ಬಾಗಿಲುಗಳ ಅಮೆರಿಕದ ಮಾನದಂಡ) ಪ್ರಕಾರ ಸೈಟಿನಲ್ಲಿ ಫೈರ್ ಡೋರ್‌ಗೆ ಮಾಡಬಹುದಾದ ಕೆಲಸ ಬಹಳ ಸೀಮಿತ. ಮೇಲ್ಮೈ ಹಾರ್ಡ್‌ವೇರ್‌ನ ರಂಧ್ರಗಳು, ಕೀ ಸಿಲಿಂಡರ್ ಬಿಟ್ಟರೆ 25 ಮಿ.ಮೀ. ವ್ಯಾಸ ಮೀರದ ದುಂಡು ತೂತು, ಹೀಗೆ. ಕದದ ಅರ್ಧಕ್ಕೂ ಮಿಕ್ಕ ಅಗಲಕ್ಕೆ ಗೂಡು ತೆಗೆದರೆ ಒಳಗಿನ ತುಂಬುವಿಕೆ, ಬಲಪಟ್ಟಿ ಎಲ್ಲ ತುಂಡಾಗಿ, ಬೆಂಕಿ ಪರೀಕ್ಷೆಯಾಗಿದೆ ಎನ್ನುವ ಲೇಬಲ್‌ಗೆ ಅರ್ಥವೇ ಉಳಿಯುವುದಿಲ್ಲ. ಮಾದರಿ ಮೊದಲು ನಿರ್ಧಾರವಾಗಬೇಕು, ಅದರ ಟೆಂಪ್ಲೇಟ್ (ಗೂಡಿನ ಅಳತೆಯ ನಕ್ಷೆ) ಕದ ತಯಾರಕರಿಗೆ ಹೋಗಬೇಕು, ಗೂಡು ಕಾರ್ಖಾನೆಯಲ್ಲೇ ಆಗಿ ಬರಬೇಕು. ಆ ಕದದ ಪ್ರಮಾಣಪತ್ರದಲ್ಲಿ ನಿಮ್ಮ ಬಾರ್‌ನ ಮಾದರಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ನೋಟದ ಗಾಜು ಇದ್ದರೆ ಅದರ ಚೌಕಟ್ಟು, ಬಾರ್‌ನ ಗೂಡು, ಬಾರ್‌ನಿಂದ ಮೇಲಿನ, ಕೆಳಗಿನ ಬೋಲ್ಟ್‌ಗೆ ಹೋಗುವ ರಾಡ್ ಹಾಯುವ ಕಾಲುವೆ ಮೂರೂ ಒಂದೇ ಡ್ರಾಯಿಂಗ್‌ನಲ್ಲಿ ಇರಲಿ. ಗಾಜಿನ ಅಂಚು ರಾಡ್‌ನ ದಾರಿಗೆ ಅಡ್ಡ ಬರುವುದು ಪದೇ ಪದೇ ಆಗುವ ಎಡವಟ್ಟು.

ಬಾರ್‌ಗೆ 'ಪ್ಯಾನಿಕ್' ಎಂಬ ಗುರುತು ಮಾತ್ರ ಇದ್ದರೆ ಸಾಲದು, ಬೆಂಕಿ ಬಾಗಿಲಿಗೆ ಪರೀಕ್ಷೆಯಾದ ಗುರುತೂ ಬೇಕು. ಅಂಥ ಬಾರ್‌ನಲ್ಲಿ ಕೀಲಿ ತಿರುಗಿಸಿ ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸುವ ಸೌಲಭ್ಯ ಇರುವುದಿಲ್ಲ. ಬೆಂಕಿಯ ಹೊತ್ತಿಗೆ ಕದ ಮುಚ್ಚಿದರಷ್ಟೇ ಸಾಲದು, ಚಿಲಕವೂ ಕೂರಬೇಕು.

ಕದ_ಮತ್ತು_ಚಿಲಕ:
ಅಗಲದ ಲೆಕ್ಕ ಹಾಕಿ ನೋಡಿ. ಕದ 90 ಡಿಗ್ರಿಗೆ ತೆರೆದು ನಿಂತಾಗ ತಳ್ಳುವ ಮುಖ ದಾರಿಯ ಕಡೆಗೇ ಇರುತ್ತದೆ. ಮೇಲ್ಮೈ ಬಾರ್ 90 ಮಿ.ಮೀ. ಚಾಚಿದ್ದು ಎರಡೂ ಕದ ಒಂದೇ ಕಡೆಗೆ ತೆರೆಯುವಂತಿದ್ದರೆ ಸ್ಟ್ರೆಚರ್‌ನ ಎತ್ತರದಲ್ಲಿ 180 ಮಿ.ಮೀ. ಹೋಯಿತು. ಹುದುಗುವ ಮಾದರಿಯ ಲಾಭ ಇಲ್ಲೇ. ಆದರೆ ಎಲ್ಲವೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಒತ್ತದಿದ್ದಾಗ ಎಷ್ಟು ಚಾಚಿರುತ್ತದೆ, ಒತ್ತಿದಾಗ ಎಷ್ಟು, ಎರಡನ್ನೂ ಕೇಳಿ. ಪ್ಯಾನಿಕ್ ಬಾರ್‌ಗಳ ಯುರೋಪಿನ ಮಾನದಂಡವಾದ ಇಎನ್ 1125ರಲ್ಲಿ ಚಾಚಿಗೆ ಎರಡು ದರ್ಜೆಗಳಿವೆ: ಒಂದು 150 ಮಿ.ಮೀ.ವರೆಗೆ, ಇನ್ನೊಂದು 100ರವರೆಗೆ. ಎರಡನೆಯದನ್ನೇ ಕೇಳಿ, 100 ಮೀರುವುದು ಬೇಡ. ಅದೇ ಮಾನದಂಡದಂತೆ ಒತ್ತುವ ಭಾಗ ಕದದ ಅಗಲದ ಕನಿಷ್ಠ 60%, ಎತ್ತರ ನೆಲದಿಂದ 900ರಿಂದ 1,100 ಮಿ.ಮೀ., ತೆರೆಯಲು ಬೇಕಾದ ಬಲ 80 ನ್ಯೂಟನ್‌ನೊಳಗೆ. ಹಿಂದಿನಿಂದ ಜನ ಒತ್ತರಿಸಿದ ಸ್ಥಿತಿಗೆ, ಅಂದರೆ ಕದದ ಮೇಲೆ 1,000 ನ್ಯೂಟನ್ ಹೊರೆ ಇದ್ದಾಗ, 220 ನ್ಯೂಟನ್‌ನೊಳಗೆ ಬಿಡಬೇಕು. ಅಗ್ಗದ ಮಾಲು ಸೋಲುವುದು ಈ ಎರಡನೇ ಪರೀಕ್ಷೆಯಲ್ಲಿ.

ಬಾಳಿಕೆಯ ವಿಚಾರ ಇನ್ನೂ ಮುಖ್ಯ. ಇಎನ್ 1125ರ ಮೇಲಿನ ದರ್ಜೆಯ ಪರೀಕ್ಷೆ 2,00,000 ಸಲದ್ದು. ದಿನಕ್ಕೆ 1,000 ಸಲ ತೆರೆಯುವ ಬಾಗಿಲಿಗೆ ಅದು 200 ದಿನದ ಕೆಲಸ! ಹಾಗಾಗಿ ಇಂಥ ಕಾರಿಡಾರ್‌ನಲ್ಲಿ ಬಾರ್‌ಗಿಂತ ಮೊದಲು ಗೋಡೆಯ ಮೇಲೆ ವಿದ್ಯುತ್ಕಾಂತದ ಹಿಡಿಕೆ ಹಾಕಿಸಿ. ಕದ ತೆರೆದೇ ನಿಂತಿರಲಿ, ಫೈರ್ ಅಲಾರ್ಮ್ ಬಂದಾಗ ಅಥವಾ ಕರೆಂಟ್ ಹೋದಾಗ ಹಿಡಿಕೆ ಬಿಟ್ಟು ಕ್ಲೋಸರ್ (ಕದವನ್ನು ತಾನಾಗಿ ಮುಚ್ಚುವ ಸಾಧನ) ಮುಚ್ಚಲಿ. ಸ್ಥಳೀಯ ಅಗ್ನಿಶಾಮಕ ನಿಯಮದ ಒಪ್ಪಿಗೆ ಇದಕ್ಕೆ ಬೇಕು. ಚಿಲಕದ ಸವೆತ ಅಲ್ಲಿಗೇ ಬಹುಪಾಲು ತಪ್ಪುತ್ತದೆ.

ರಾಡ್_ಸೆಟ್ಟಿಂಗ್:
ಕೆಳಗಿನ ಬೋಲ್ಟ್: ಟ್ರಾಲಿ ಓಡಾಡುವ ಕಡೆ ತಪ್ಪಿಸುವುದೇ ಒಳ್ಳೆಯದು. ನೆಲದ ಗುಣಿಯಲ್ಲಿ ಒರೆಸುವ ನೀರು, ದೂಳು, ನೂಲು ಸೇರಿಕೊಂಡು ಬೋಲ್ಟ್ ಪೂರ್ತಿ ಇಳಿಯುವುದಿಲ್ಲ. ಕೆಳಗಿನ ರಾಡ್ ಇಲ್ಲದ ಮಾದರಿಗಳಲ್ಲಿ ಶಾಖಕ್ಕೆ ಹೊರಬಂದು ಎರಡು ಕದಗಳನ್ನು ಕಟ್ಟುವ ಪಿನ್ ಒಂದನ್ನು ಕೆಳಭಾಗದ ಅಂಚಿನಲ್ಲಿ ಕೂರಿಸುತ್ತಾರೆ. ಕದದ ಪ್ರಮಾಣಪತ್ರ ಅದನ್ನು ಒಪ್ಪಿದ್ದರೆ ಅದನ್ನೇ ತೆಗೆದುಕೊಳ್ಳಿ.

ಎರಡೂ ರಾಡ್ ಇರುವುದನ್ನೇ ಹಾಕಬೇಕಾಗಿ ಬಂದರೆ ಮೊದಲು ಹಿಂಜ್ ಸರಿಮಾಡಿ, ಸುತ್ತ ಸುಮಾರು 3 ಮಿ.ಮೀ. ಸಂದು ಬರಲಿ. ಆಮೇಲೆ ಕೆಳಗಿನ ರಾಡ್ ಬಿಚ್ಚಿಟ್ಟು ಮೇಲಿನದನ್ನು ಮಾತ್ರ ಹೊಂದಿಸಿ. ಕದ ಮುಚ್ಚಿದಾಗ ಮೇಲಿನ ಬೋಲ್ಟ್ ಪೂರ್ತಿ ಏರಬೇಕು, ತೆರೆದಾಗ ಒಳಗೇ ಹಿಡಿದು ನಿಲ್ಲಬೇಕು. ಇದು ಹತ್ತಾರು ಸಲ ಸರಿಯಾಗಿ ಆದ ಮೇಲೆಯೇ ಕೆಳಗಿನದನ್ನು ಜೋಡಿಸಿ. ಕದ ತೆರೆದಿರುವಾಗ ಅದು ನೆಲ ತಾಗದಂತೆ ಉದ್ದ ಹೊಂದಿಸಿ, ಲಾಕ್ ನಟ್ ಬಿಗಿ ಮಾಡಿ. ಕೆಲವು ವಾರಗಳಲ್ಲಿ ನೆಲದ ಮೇಲೆ ಕಮಾನಿನಂಥ ಗೀರು ಕಂಡರೆ ಕದ ಜಗ್ಗಿದೆ ಅಂತಲೇ ತಿಳಿಯಿರಿ. ರಾಡ್ ಮುಟ್ಟಬೇಡಿ, ಹಿಂಜ್ ನೋಡಿ.

ಕಾರಿಡಾರ್_ಸೈಟ್:
ಬಹಳ ಉಪಕಾರವಾಯಿತು. ಸ್ಯಾಂಪಲ್ ಕದದಲ್ಲಿ ಬಾರ್‌ನ ಮಧ್ಯೆ ಒತ್ತಿದರೆ ಬಿಡುತ್ತದೆ, ಹಿಂಜ್ ಕಡೆಯ ತುದಿಯಲ್ಲಿ ಒತ್ತಿದರೆ ಸಿಕ್ಕಿಕೊಳ್ಳುತ್ತದೆ. ಬಾರ್‌ನದೇ ದೋಷವೇ?

ಕದ_ಮತ್ತು_ಚಿಲಕ:
ಇರಲಾರದು. ಗೂಡಿನ ತಳ ಸಮವಿಲ್ಲದಿದ್ದಾಗ ಅಥವಾ ಅಂಚು ಬಿಗಿಯಾದಾಗ ಸ್ಕ್ರೂ ಬಿಗಿಸುತ್ತಿದ್ದಂತೆ ಬಾರ್‌ನ ಒಡಲು ತಿರುಚಿಕೊಳ್ಳುತ್ತದೆ, ಒಳಗಿನ ಕೊಂಡಿ ಒಂದು ಬದಿಗೆ ಉಜ್ಜುತ್ತದೆ. ಎಲ್ಲ ಸ್ಕ್ರೂಗಳನ್ನೂ ಅರ್ಧ ಸುತ್ತು ಸಡಿಲಿಸಿ ಅದೇ ತುದಿಯಲ್ಲಿ ಒತ್ತಿ ನೋಡಿ. ಈಗ ಬಿಟ್ಟರೆ ತಪ್ಪು ಗೂಡಿನದು. ಒಂದೊಂದೇ ಸ್ಕ್ರೂ ಬಿಗಿಸುತ್ತ ಪ್ರತಿ ಸಲವೂ ಒತ್ತಿ. ಯಾವ ಸ್ಕ್ರೂಗೆ ಸಿಕ್ಕಿಕೊಂಡಿತೋ ಅದರಡಿ ತೆಳು ಉಕ್ಕಿನ ಪಟ್ಟಿ ಕೊಡಿ. ಗೂಡೇ ಕಿರಿದಾಗಿದ್ದರೆ ಕದವನ್ನು ತಯಾರಕರಿಗೆ ವಾಪಸ್ ಕಳಿಸಿ, ಸೈಟಿನಲ್ಲಿ ಉಜ್ಜಿ ಅಗಲ ಮಾಡಬೇಡಿ. ಸ್ಕ್ರೂ ಸಡಿಲಿಸಿದ ಮೇಲೂ ಸಿಕ್ಕಿಕೊಂಡರೆ ರಾಡ್ ಬಿಚ್ಚಿ ಬಾರ್ ಒಂದನ್ನೇ ಒತ್ತಿ. ಆಗ ಸರಾಗವಾದರೆ ಕಾಲುವೆಯೊಳಗೆ ರಾಡ್ ಎಲ್ಲೋ ತಾಗುತ್ತಿದೆ.

ಲೋ_ವೋಲ್ಟೇಜ್:
ಮುಂದೆ ಕಾರ್ಡ್ ತೋರಿಸಿ ತೆರೆಯುವ ವ್ಯವಸ್ಥೆ ಬರುವುದಿದ್ದರೆ ಚಿಲಕ ಹಿಂದೆಳೆಯುವ ಭಾಗ ವಿದ್ಯುತ್ ಹರಿದಾಗ ಕಡ್ಡಿ ಎಳೆಯುವ ಸುರುಳಿಯ, ಅಂದರೆ ಸಾಲೆನಾಯ್ಡ್‌ನದೋ ಮೋಟಾರಿನದೋ ಈಗಲೇ ತೀರ್ಮಾನಿಸಿ. ಸಾಲೆನಾಯ್ಡ್ ವಿಧ ಶುರುವಿನ ಕ್ಷಣದಲ್ಲಿ 24 ವೋಲ್ಟ್‌ಗೆ 16 ಆಂಪಿಯರ್‌ವರೆಗೂ ಎಳೆಯುವುದುಂಟು. ದೂರದ ಪವರ್ ಸಪ್ಲೈನಿಂದ ತೆಳು ತಂತಿ ಎಳೆದಿದ್ದರೆ ವೋಲ್ಟೇಜ್ ಕುಸಿದು ಚಿಲಕ ಅರ್ಧಕ್ಕೇ ನಿಲ್ಲುತ್ತದೆ. ಮೋಟಾರಿನದಕ್ಕೆ ಈ ಕಾಟ ಕಡಿಮೆ. ಯಾವುದೇ ಆದರೂ ತಂತಿ ಹಾಯುವ ಹಿಂಜ್, ಕದದೊಳಗಿನ ತಂತಿಯ ದಾರಿ ಎರಡನ್ನೂ ಕದದ ಆರ್ಡರ್‌ನಲ್ಲೇ ಬರೆಸಿ.