ರ‍್ಯಾಮ್ ಡಿಸ್ಕ್ ಹಾಕಿದರೆ ಕಂಪ್ಯೂಟರ್ ನಿಜವಾಗಿ ವೇಗವಾಗುತ್ತದಾ?

ಪ್ರಶ್ನೆ
ಲಿನಕ್ಸ್, 16 ಜಿಬಿ ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ. 8 ಜಿಬಿ ರ‍್ಯಾಮ್ ಡಿಸ್ಕ್ (ರ‍್ಯಾಮಿನ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವುದು) ಮಾಡಿ ಬ್ರೌಸರ್ ಕ್ಯಾಶ್, ಸಿ++ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಿಸುವ) ಫೋಲ್ಡರ್ ಎರಡನ್ನೂ ಅಲ್ಲಿಗೆ ಹಾಕುವ ಯೋಚನೆ ಇದೆ. ಬೆಂಚ್‌ಮಾರ್ಕ್‌ನಲ್ಲಿ ವೇಗ ಹಲವು ಪಟ್ಟು ಕಾಣುತ್ತದೆ. ದಿನದ ಕೆಲಸದಲ್ಲೂ ಅಷ್ಟು ಗೊತ್ತಾಗುತ್ತದಾ?

ಉತ್ತರ 1
ಈ ಎರಡಕ್ಕೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಒಮ್ಮೆ ಓದಿದ ಫೈಲ್ ಪೇಜ್ ಕ್ಯಾಶ್‌ನಲ್ಲಿ (ಫೈಲ್‌ಗಳ ಪ್ರತಿ ಇಟ್ಟುಕೊಳ್ಳುವ ರ‍್ಯಾಮಿನ ಭಾಗ) ಉಳಿಯುತ್ತದೆ. ಜಾಗ ಇರುವ ತನಕ ಎರಡನೇ ಸಲ ಎಸ್‌ಎಸ್‌ಡಿ ಕಡೆ ಹೋಗುವುದೇ ಇಲ್ಲ. ಬರೆದದ್ದೂ ಮೊದಲು ರ‍್ಯಾಮಿಗೆ ಹೋಗಿ, ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಯುತ್ತದೆ. ಡಿಸ್ಕ್ ಬೆಂಚ್‌ಮಾರ್ಕ್‌ಗಳು ಸಾಮಾನ್ಯವಾಗಿ ಈ ಕ್ಯಾಶನ್ನು ಬೇಕೆಂದೇ ಬದಿಗಿಟ್ಟು ಅಳೆಯುತ್ತವೆ, ಅದಕ್ಕೇ ಅಲ್ಲಿ ಅಷ್ಟು ಅಂತರ.

ಅಳೆದು ನೋಡಿ: ಸಿಂಕ್ ಕೊಟ್ಟು, ರೂಟ್ ಆಗಿ ಡ್ರಾಪ್ ಕ್ಯಾಶಸ್ ಫೈಲಿಗೆ 3 ಎಂದು ಬರೆಯಿರಿ, ಆಗ ಪೇಜ್ ಕ್ಯಾಶ್ ಖಾಲಿಯಾಗುತ್ತದೆ. ಕ್ಲೀನ್ ಬಿಲ್ಡ್ (ಹಳೆಯದನ್ನು ಅಳಿಸಿ ಮೊದಲಿನಿಂದ ಮಾಡುವ ಬಿಲ್ಡ್) ಒಂದನ್ನು ಟೈಮ್ ಕಮಾಂಡ್ ಜೊತೆ ಓಡಿಸಿ. ಮುಗಿದ ಕೂಡಲೇ ಕ್ಲೀನ್ ಮಾಡಿ ಇನ್ನೊಮ್ಮೆ ಓಡಿಸಿ. ಓದುವ ಲೆಕ್ಕದಲ್ಲಿ ರ‍್ಯಾಮ್ ಡಿಸ್ಕ್ ಉಳಿಸಬಹುದಾದದ್ದು ಹೆಚ್ಚೆಂದರೆ ಈ ಎರಡರ ವ್ಯತ್ಯಾಸ. ಅದೂ ಎರಡನೇ ಬಿಲ್ಡ್‌ನಿಂದ ನಿಮಗೆ ಪುಕ್ಕಟೆ ಸಿಗುತ್ತಿದೆ.

ಪ್ರಶ್ನೆ ಕೇಳಿದವರು
ನೋಡಿದೆ. ಎಲ್ಲ ಕೋರ್‌ಗಳೂ 100% ಓಡುತ್ತಿವೆ, ವಿಎಂಸ್ಟ್ಯಾಟ್‌ನಲ್ಲಿ ಡಬ್ಲ್ಯುಎ ಕಾಲಂ (ಡಿಸ್ಕಿಗಾಗಿ ಕಾದ ಸಮಯ) ಸೊನ್ನೆ. ಅಂದರೆ ಕಾಯುತ್ತಿರುವುದು ಸಿಪಿಯುಗೆ. ಹಾಗಾದರೆ ಇದು ಯಾವುದಕ್ಕೂ ಬೇಡವಾ?

ಉತ್ತರ 2
ಬೇಕು, ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಇಳಿಯುವ ತನಕ ಕಾಯಿಸುವ ಆದೇಶ) ಹೆಚ್ಚಿರುವ ಕಡೆ. ಡೇಟಾಬೇಸ್ ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) 'ಡಿಸ್ಕಿಗೆ ಬಿತ್ತಾ?' ಎಂದು ಕೇಳಿ ಉತ್ತರ ಬರುವ ತನಕ ನಿಲ್ಲುತ್ತದೆ. ಅಲ್ಲಿ ಪೇಜ್ ಕ್ಯಾಶ್ ಕೈ ಹಿಡಿಯುವುದಿಲ್ಲ. ಟಿಎಂಪಿಎಫ್‌ಎಸ್‌ನಲ್ಲಿ (ಲಿನಕ್ಸ್‌ನ ಒಂದು ಬಗೆಯ ರ‍್ಯಾಮ್ ಡಿಸ್ಕ್) ಕಾಯಲು ಡಿಸ್ಕೇ ಇಲ್ಲದ್ದರಿಂದ ಎಫ್‌ಸಿಂಕ್ ಆ ಕ್ಷಣವೇ ಮುಗಿಯುತ್ತದೆ. ಸಾವಿರಾರು ಸಣ್ಣ ಕಮಿಟ್ ಇರುವ ಟೆಸ್ಟ್‌ಗಳಿದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೇಟಾ ಡೈರೆಕ್ಟರಿಯನ್ನು 1-2 ಜಿಬಿ ಟಿಎಂಪಿಎಫ್‌ಎಸ್ ಮೇಲಿಟ್ಟು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕರೆಂಟ್ ಹೋದರೆ ಎಲ್ಲವೂ ಹೋಯಿತು. ಆದ್ದರಿಂದ ಟೆಸ್ಟ್ ಡೇಟಾ ಮಾತ್ರ, ದಯವಿಟ್ಟು.

ಬ್ರೌಸರ್ ಕ್ಯಾಶ್ ಮಾತ್ರ ಬೇಡ. ರೀಬೂಟ್ ಆದಾಗಲೆಲ್ಲ ಖಾಲಿಯಾಗಿ, ಅದೇ ಚಿತ್ರಗಳು ನೆಟ್‌ನಿಂದ ಮತ್ತೆ ಇಳಿಯಬೇಕು. ನೆಟ್ ನಿಮ್ಮ ಎಸ್‌ಎಸ್‌ಡಿಗಿಂತ ಎಷ್ಟೋ ನಿಧಾನ.

ಉತ್ತರ 3
ಟಿಎಂಪಿಎಫ್‌ಎಸ್ ಮಾಡುವುದಾದರೆ ಸೈಜ್ ತಪ್ಪದೆ ಕೊಡಿ. ಕೊಡದಿದ್ದರೆ ಒಟ್ಟು ರ‍್ಯಾಮಿನ ಅರ್ಧ ಮಿತಿಯಾಗುತ್ತದೆ. ಇದು ಮಿತಿಯಷ್ಟೇ, ಮೊದಲೇ ಕಾದಿರಿಸಿದ ಜಾಗವಲ್ಲ. ಎಷ್ಟು ತುಂಬುತ್ತೀರೋ ಅಷ್ಟೇ ಹೋಗುತ್ತದೆ. ರ‍್ಯಾಮ್ ಸಾಲದೆ ಬಂದಾಗ ಅಲ್ಲಿನ ಫೈಲ್‌ಗಳು ಸ್ವಾಪ್‌ಗೆ, ಅಂದರೆ ಮತ್ತೆ ಎಸ್‌ಎಸ್‌ಡಿಗೇ ಹೋಗುತ್ತವೆ. ಸ್ವಾಪ್ ಇಲ್ಲದಿದ್ದರೆ ಕರ್ನಲ್ ಪ್ರೋಗ್ರಾಂಗಳನ್ನು ಕೊಲ್ಲಲು ಶುರುಮಾಡುತ್ತದೆ. ಆದರೆ ಪ್ರೋಗ್ರಾಂ ಸತ್ತರೂ ಅದು ಟಿಎಂಪಿಎಫ್‌ಎಸ್‌ನಲ್ಲಿ ಬರೆದ ಫೈಲ್ ಅಳಿಯುವುದಿಲ್ಲ. ಹಾಗಾಗಿ ಜಾಗವೂ ಸಿಗದೆ ಒಂದರ ಹಿಂದೊಂದು ಪ್ರೋಗ್ರಾಂ ಬೀಳುತ್ತದೆ. ಇನ್ನೊಂದು ಬಗೆಯ ರ‍್ಯಾಮ್ ಡಿಸ್ಕ್ ಆದ ರ‍್ಯಾಮ್‌ಎಫ್‌ಎಸ್‌ಗಂತೂ ಮಿತಿಯೇ ಇಲ್ಲ, ಅದರ ಸಹವಾಸ ಬೇಡ.

ಜಾಗ ಇದ್ದೂ 'ಜಾಗ ಇಲ್ಲ' ಎಂಬ ಎರರ್ ಬಂದರೆ ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ) ಮುಗಿದಿರಬಹುದು; ಡಿಎಫ್ ಕಮಾಂಡ್‌ಗೆ ಐ ಆಪ್ಷನ್ ಕೊಟ್ಟು ನೋಡಿ. ಸ್ಕ್ರಿಪ್ಟ್ ಓಡಿಸುವಾಗ 'ಅನುಮತಿ ಇಲ್ಲ' ಎಂದರೆ ಮೌಂಟ್ ಆಪ್ಷನ್‌ಗಳಲ್ಲಿ ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಂ ಓಡಿಸಲು ಬಿಡದ ಆಪ್ಷನ್) ಇದೆಯಾ ಗಮನಿಸಿ.