ಸಹಾಯ ಬೇಕು: ಇಳಿಜಾರಿನ ಲೆಕ್ಕ ತಲೆ ತಿನ್ನುತ್ತಿದೆ

ಪುಣೆಯ ಕನ್ನಡಿಗರಿಗೆ ನಮಸ್ಕಾರ. ಊರು ಗದಗ, ಈಗ ಕೋಥ್ರೂಡ್‌ನಲ್ಲಿ ರೂಮು, ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ.

ಲೆಕ್ಕ ಹೀಗಿದೆ: 30 ಡಿಗ್ರಿ ಇಳಿಜಾರಿನ ಮೇಲೆ 5 ಕೆಜಿ ದಿಮ್ಮಿ ಜಾರುತ್ತಿದೆ, ಘರ್ಷಣಾಂಕ 0.4. ವೇಗೋತ್ಕರ್ಷ ಎಷ್ಟು? ನಾನು ಹೀಗೆ ಮಾಡಿದೆ: ತೂಕ 5 × 9.8 = 49 ನ್ಯೂಟನ್. ಇಳಿಜಾರಿನ ಗುಂಟ ಎಳೆಯುವ ಬಲ 49 ಸೈನ್ 30, ಅಂದರೆ 24.5. ಘರ್ಷಣೆ 0.4 × 49 = 19.6. ಉಳಿದ 4.9ನ್ನು 5ರಿಂದ ಭಾಗಿಸಿದರೆ 0.98. ಪುಸ್ತಕದ ಹಿಂದೆ ಉತ್ತರ 1.5! ಮೂರು ಸಲ ಮಾಡಿದೆ, ಮೂರು ಸಲವೂ ಅದೇ 0.98.

ರೂಮ್‌ಮೇಟ್ ಮರಾಠಿಯಲ್ಲಿ ಹೇಳಿಕೊಟ್ಟ. ಘರ್ಷಣೆಗೆ ಮರಾಠಿಯವರೂ 'ಘರ್ಷಣ' ಅನ್ನೋದರಿಂದ ಅಷ್ಟು ತಿಳಿಯಿತು, ಮುಂದಿನದು ತಲೆ ಮೇಲೆ ಹೋಯಿತು. 49 ಹಾಕಬಾರದು, 49 ಕಾಸ್ 30 ಹಾಕು ಅಂದ. ಹಾಕಿದರೆ ಘರ್ಷಣೆ 17 ಆಗಿ ಉತ್ತರ ಸರಿಯಾಗಿ ಬರುತ್ತದೆ. ಆದರೆ ಯಾಕೆ? ದಿಮ್ಮಿಯ ತೂಕ ಕಮ್ಮಿಯಾಗಲಿಲ್ಲವಲ್ಲ? ಚಿತ್ರ ಬರೆದು ಯಾರಾದರೂ ಬಿಡಿಸಿ ಹೇಳಿ, ಫೋಟೋ ಹಾಕಿದರೂ ಸಾಕು.

ಇನ್ನೊಂದು: ರಾಟೆಯ ಮೇಲೆ ಹಾಯ್ದ ಹಗ್ಗದ ಎರಡು ತುದಿಗೆ 3 ಕೆಜಿ, 5 ಕೆಜಿ ತೂಗುತ್ತಿವೆ. ಹಗ್ಗದ ಎಳೆತ 36.75 ನ್ಯೂಟನ್ ಅಂತೆ. ಅದು 3 ಕೆಜಿಯ ತೂಕ 29.4 ಅಲ್ಲ, 5 ಕೆಜಿಯ ತೂಕ 49 ಕೂಡ ಅಲ್ಲ! ಇದು ಹೇಗೆ?

ಭಾನುವಾರ ಒಂದು ತಾಸು ಕೂರಿಸಿ ಹೇಳಿಕೊಡುವವರಿದ್ದರೆ ಡೆಕ್ಕನ್, ಸ್ವಾರ್‌ಗೇಟ್ ಎಲ್ಲಿಗಾದರೂ ಬರ್ತೀನಿ. ಚಹಾ ನನ್ನದು. ಸೋಮವಾರ ಅಸೈನ್‌ಮೆಂಟ್ ಕೊಡಬೇಕು.