ಫಂಗಲ್ ಪಿಸಿಆರ್ ಟೆಸ್ಟ್: ಮಾಡಿಸಿದವರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ: ಅಪ್ಪನಿಗೆ ರಕ್ತದ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಗಂಟು ಕಾಣಿಸಿದೆ. ಫಂಗಸ್ ಇರಬಹುದು, ಪಿಸಿಆರ್ ಅಂದರೆ ಫಂಗಸ್‌ನ ಡಿಎನ್‌ಎ ಹುಡುಕುವ ಟೆಸ್ಟ್ ಮಾಡಿಸೋಣ ಎನ್ನುತ್ತಾರೆ ಡಾಕ್ಟರು. ಇದರಿಂದ ಪ್ರಯೋಜನ ಇದೆಯಾ?

ಉತ್ತರ 1: ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಖಂಡಿತ ಮಾಡಿಸಿ, ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಆಸ್ಪರ್ಜಿಲಸ್ ಅನ್ನೋ ಫಂಗಸ್ ಗಾಳಿಯಲ್ಲೇ ಇರುತ್ತದೆ, ನಾವೆಲ್ಲ ದಿನಾ ಉಸಿರಾಡುತ್ತೇವೆ. ಹಾಗಾಗಿ ಒಂದೇ ಒಂದು ಪಾಸಿಟಿವ್ ಸಾಲದು. ಫಂಗಸ್ ಸೋಂಕು ಗುರುತಿಸುವ 2020ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಆಸ್ಪರ್ಜಿಲಸ್ ಪಿಸಿಆರ್ ಸೇರಿತು. ಅದರ ಪ್ರಕಾರ ರಕ್ತದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಪಾಸಿಟಿವ್ ಬರಬೇಕು, ಇಲ್ಲವೇ ಶ್ವಾಸಕೋಶ ತೊಳೆದು ತೆಗೆದ ನೀರಿನಲ್ಲಿ ಎರಡು ಸಲ, ಇಲ್ಲವೇ ರಕ್ತದಲ್ಲೊಂದು, ಆ ನೀರಿನಲ್ಲೊಂದು.

ನೆಗೆಟಿವ್ ಬಂದರೂ ಯೋಚನೆ ಮಾಡಬೇಕು. ಫಂಗಸ್‌ನ ಕೋಶಗೋಡೆ ಬಲು ಗಟ್ಟಿ. ಸಣ್ಣ ಸಣ್ಣ ಮಣಿ ಹಾಕಿ ಟ್ಯೂಬನ್ನು ಮೆಷಿನ್‌ನಲ್ಲಿ ಜೋರಾಗಿ ಕುಲುಕಿಸಿ ಒಡೆಯುತ್ತೇವೆ. ಸರಿಯಾಗಿ ಒಡೆಯದಿದ್ದರೆ ಡಿಎನ್‌ಎ ಹೊರಗೆ ಬರುವುದೇ ಇಲ್ಲ. ಅಪ್ಪನಿಗೆ ಆಗಲೇ ಫಂಗಸ್ ಔಷಧಿ ಕೊಡುತ್ತಿದ್ದರೂ ಟೆಸ್ಟ್‌ಗೆ ಸಿಗದೇ ಹೋಗಬಹುದು. ಫಾರ್ಮ್‌ನಲ್ಲಿ ಅದನ್ನು ಬರೆಸಿ, ತುಂಬ ಜನ ಬರೆಯುವುದೇ ಇಲ್ಲ.

ಉತ್ತರ 2: 2021ರಲ್ಲಿ ಅಮ್ಮನಿಗೆ ಕೋವಿಡ್ ಆದ ಮೇಲೆ ಬ್ಲ್ಯಾಕ್ ಫಂಗಸ್ ಬಂತು. ಸಕ್ಕರೆ ಕಾಯಿಲೆ ಬೇರೆ ಇತ್ತು. ಮೂಗಿನಿಂದ ತೆಗೆದ ಚೂರನ್ನು ಕೆಓಎಚ್ ಅನ್ನೋ ದ್ರಾವಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ರಿಬ್ಬನ್ ತರಹ ಅಗಲವಾದ ಎಳೆಗಳು ಕಂಡವು, ಫಂಗಸ್ ಔಷಧಿ ಆಂಫೋಟೆರಿಸಿನ್ ಅವತ್ತೇ ಶುರುವಾಯಿತು. ಲ್ಯಾಬ್‌ನಲ್ಲಿ ಫಂಗಸ್ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಬ್ಲ್ಯಾಕ್ ಫಂಗಸ್‌ನಲ್ಲೇ ಒಂದು ಬಗೆಯಾದ ರೈಜೋಪಸ್ ಅಂತ ಹೆಸರು ಹೇಳಿದ್ದು ಆಮೇಲೆ ಬಂದ ಪಿಸಿಆರ್ ರಿಪೋರ್ಟೇ.

ಆಸ್ಪರ್ಜಿಲಸ್ ಹುಡುಕುವ ಗ್ಯಾಲಕ್ಟೊಮನ್ನನ್ ಟೆಸ್ಟ್ ನೆಗೆಟಿವ್ ಅಂತ ನಿರಾಳ ಆಗಬೇಡಿ. ಮ್ಯೂಕರ್, ಅಂದರೆ ಬ್ಲ್ಯಾಕ್ ಫಂಗಸ್, ಅದರಲ್ಲಿ ಸಿಗುವುದಿಲ್ಲ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ಕೆಲಸವನ್ನೇ ಮಾಡಲ್ಲ. ಫಂಗಸ್ ಇದೆ ಅಂದರೆ ಸಾಕಾಗಲ್ಲ, ಯಾವುದು ಅಂತ ಗೊತ್ತಾಗಲೇಬೇಕು. ಮ್ಯೂಕರ್ ಪಿಸಿಆರ್ ಕೂಡ ಮಾಡ್ತಾರಾ ಅಂತ ಕೇಳಿ.

ಉತ್ತರ 3: ಒಂದೇ ಮಾತು. ಬಯಾಪ್ಸಿಗೆ ಅಂತ ಚೂರು ತೆಗೆದರೆ ಅದನ್ನು ಪೂರ್ತಿ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರಾವಣಕ್ಕೆ) ಹಾಕಲು ಬಿಡಬೇಡಿ. ಒಂದು ಚೂರು ಸಲೈನ್‌ನಲ್ಲಿ ಲ್ಯಾಬ್‌ಗೆ ಹೋಗಲಿ. ಫಾರ್ಮಲಿನ್‌ನಲ್ಲಿ ಡಿಎನ್‌ಎ ಹಾಳಾಗುತ್ತದೆ, ಕಲ್ಚರ್ ಅಂತೂ ಆಗುವುದೇ ಇಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಬಯಾಪ್ಸಿ ಕಷ್ಟ, ಗೊತ್ತು. ಆಗ ಶ್ವಾಸಕೋಶ ತೊಳೆದ ನೀರೇ ಗತಿ.

ಉತ್ತರ 1: ಮರೆತಿದ್ದೆ. ಸ್ಯಾಂಪಲ್ ಹೊರಗಿನ ಲ್ಯಾಬ್‌ಗೆ ಹೋಗುತ್ತಾ ಅಂತ ಇವತ್ತೇ ವಿಚಾರಿಸಿ. ಹೋಗುವುದಾದರೆ ರಿಪೋರ್ಟ್ ಬರುವ ಮುಂಚೆಯೇ ಔಷಧಿ ಶುರು ಮಾಡ್ತೀರಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ.